ಸ್ಟ್ರೋಕ್ ಆದವರಿಗೆ ನುಂಗೋ ಎಕ್ಸರ್‌ಸೈಜ್: ತಲೆ ಎತ್ತೋದಾ, ಚೆಂಡು ಒತ್ತೋದಾ, ಊದೋ ಮಷೀನಾ, ಕರೆಂಟಾ?

ಮುಂಬೈ ಸುತ್ತಮುತ್ತ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಮನೆಮನೆಗೆ ಹೋಗಿ ಸ್ಪೀಚ್ ಥೆರಪಿ ಮಾಡೋದು ನನ್ನ ಕೆಲ್ಸ. ನಮ್ಮ ಕನ್ನಡದೋರ ಮನೆಯಿಂದ ಫೋನ್ ಬಂದ್ರೆ ಹೆಚ್ಚುಕಮ್ಮಿ ಇದೇ ಮಾತು, "ಮೇಡಂ, ಅಪ್ಪನಿಗೆ ಲಕ್ವ ಹೊಡೆದು ನುಂಗೋಕೆ ಆಗ್ತಿಲ್ಲ, ಯೂಟ್ಯೂಬಲ್ಲಿ ಏಳೆಂಟು ಎಕ್ಸರ್‌ಸೈಜ್ ತೋರಿಸ್ತಾರೆ, ಯಾವ್ದು ಮಾಡಿಸ್ಲಿ?" ಎಲ್ಲಾನೂ ಮಾಡಿಸೋಕೆ ಹೋದ್ರೆ ಎರಡೇ ದಿನಕ್ಕೆ ಅಪ್ಪನೂ ಸುಸ್ತು ಮಗನೂ ಸುಸ್ತು, ಮೂರನೇ ದಿನ ಎಲ್ಲಾ ಬಂದ್. ಅದಕ್ಕೆ ನಾನು ನಾಲ್ಕು ವಿಷಯ ಕೇಳ್ತೀನಿ: ಗಂಟಲಲ್ಲಿ ಯಾವ ಭಾಗ ಸೋತಿದೆ, ಹೇಳಿದ್ದು ಅವರಿಗೆ ಅರ್ಥ ಆಗುತ್ತಾ, ಕುತ್ತಿಗೆ-ಬಿಪಿ-ಹಾರ್ಟ್ ಹೇಗಿದೆ, ದಿನಾ ಜೊತೆ ಕೂರೋರು ಯಾರು. ಇದಿಷ್ಟು ಗೊತ್ತಾದ್ರೆ ಆರಿಸೋದು ಅಷ್ಟು ಕಷ್ಟ ಇಲ್ಲ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಹೇಳಿದ್ದು ಅರ್ಥ ಆಗಿ ಕೂರೋಕೆ ಬರೋ ಹೆಚ್ಚಿನ ವಯಸ್ಸಾದವರಿಗೆ ಗದ್ದದಿಂದ ಚೆಂಡು ಒತ್ತೋದು ಮತ್ತೆ ಜೋರಾಗಿ ನುಂಗೋದು, ಇವೆರಡನ್ನ ದಿನಾ ಬಿಡದೆ ಮಾಡೋದೇ ಸರಿ. ಉಳಿದದ್ದೆಲ್ಲ ಯಾರಿಗೆ ಬೇಕು ಅಂತ ನೋಡ್ಕೊಂಡು ಸೇರಿಸೋದು.

ಎಕ್ಸರ್‌ಸೈಜ್‌ಗೂ ಮುಂಚೆ ಟೆಸ್ಟ್

ನಾವು ನುಂಗುವಾಗ ನಾಲಿಗೆ ತುತ್ತನ್ನ ಹಿಂದಕ್ಕೆ ತಳ್ಳುತ್ತೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ಅನ್ನನಾಳದ ಬಾಯಿ ತೆರೆಯುತ್ತೆ, ಗಂಟಲಿನ ಇಷ್ಟು ಕೆಲ್ಸ ಸುಮಾರು ಒಂದು ಸೆಕೆಂಡಲ್ಲಿ ಮುಗಿದುಹೋಗುತ್ತೆ. ಸ್ಟ್ರೋಕ್ ಆದಾಗ ಇದ್ರಲ್ಲಿ ಯಾವ್ದು ಬೇಕಾದ್ರೂ ಕೈ ಕೊಡಬಹುದು. ಒಬ್ಬರಿಗೆ ನಾಲಿಗೆ ಸೋತು ಅನ್ನ ಕೆನ್ನೆಯಲ್ಲೇ ಉಳಿಯುತ್ತೆ, ಇನ್ನೊಬ್ಬರಿಗೆ ನುಂಗೋ ಕ್ರಿಯೆ ಶುರುವಾಗೋದೇ ತಡ, ಅಷ್ಟರಲ್ಲಿ ನೀರು ಇಳಿದು ಶ್ವಾಸನಾಳಕ್ಕೆ ಹೋಗಿರುತ್ತೆ, ಮತ್ತೊಬ್ಬರಿಗೆ (ಮೆದುಳಿನ ಬುಡದಲ್ಲಿ, ಮೆಡುಲ್ಲಾ ಪಕ್ಕಕ್ಕೆ ಸ್ಟ್ರೋಕ್ ಆದವರಲ್ಲಿ ಇದು ಜಾಸ್ತಿ) ಅನ್ನನಾಳದ ಬಾಯಿ ತೆರೆಯೋದೇ ಇಲ್ಲ, ಎಂಜಲು ಕೂಡ ಉಗುಳ್ತಾ ಕೂರಬೇಕಾಗುತ್ತೆ. ಈ ಮೂವರಿಗೂ ಒಂದೇ ಎಕ್ಸರ್‌ಸೈಜ್ ಹೇಳಿದ್ರೆ ಹೇಗೆ ಆಗುತ್ತೆ ಹೇಳಿ.

ಸ್ಟ್ರೋಕ್ ಆದ ಶುರುವಿನ ದಿನಗಳಲ್ಲಿ ಸರಿಸುಮಾರು ಅರ್ಧಕ್ಕರ್ಧ ಜನಕ್ಕೆ ನುಂಗೋ ತೊಂದ್ರೆ ಇರುತ್ತೆ, ಬಹಳಷ್ಟು ಜನಕ್ಕೆ ಎರಡು ಮೂರು ವಾರದೊಳಗೆ ತಾನಾಗೇ ಎಷ್ಟೋ ಸರಿಹೋಗುತ್ತೆ. ಆದ್ರೆ ಆ ವಾರಗಳಲ್ಲೇ ನ್ಯುಮೋನಿಯಾ ಆಗೋದೂ ಜಾಸ್ತಿ. ನೆತ್ತಿಗೆ ಹತ್ತಿ ಕೆಮ್ಮು ಬಂದ್ರೆ ನಮಗೆ ಗೊತ್ತಾಗುತ್ತೆ, ಕೆಲವರಿಗೆ ಶ್ವಾಸನಾಳಕ್ಕೆ ಹೋದ್ರೂ ಕೆಮ್ಮೇ ಬರಲ್ಲ, ಗಂಟಲಿನ ಸ್ಪರ್ಶವೇ ಹೋಗಿರುತ್ತೆ. "ಎರಡು ಚಮಚ ನೀರು ಕುಡಿಸಿ ನೋಡಿದ್ವಿ, ಕೆಮ್ಮಲಿಲ್ಲ" ಅನ್ನೋದನ್ನ ನಾನು ಟೆಸ್ಟ್ ಅಂತ ಒಪ್ಪಲ್ಲ.

ಸರಿಯಾಗಿ ನೋಡೋಕೆ ಎರಡು ದಾರಿ ಇದೆ. ವಿಡಿಯೋಫ್ಲೋರೋಸ್ಕೋಪಿ ಅಂದ್ರೆ ಬೇರಿಯಂ ಬೆರೆಸಿದ ನೀರು, ಪಾಯಸದಂಥದ್ದು, ಬಿಸ್ಕತ್ ಇವನ್ನ ಸ್ವಲ್ಪ ಸ್ವಲ್ಪ ತಿನ್ನಿಸಿ ಎಕ್ಸ್‌ರೇಯಲ್ಲಿ ವಿಡಿಯೋ ತೆಗೆಯೋದು. ಫೀಸ್ (FEES, ದುಡ್ಡಿನ ಫೀಸ್ ಅಲ್ಲ) ಅಂತ ಕರೆಯೋದು ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿ ಗಂಟಲನ್ನ ಮೇಲಿನಿಂದ ನೋಡೋದು. ಮೊದಲನೇದರಲ್ಲಿ ನುಂಗೋ ಕ್ಷಣ ಪೂರ್ತಿ ಕಾಣುತ್ತೆ, ಅನ್ನನಾಳದ ಬಾಯಿ ತೆರೀತಾ ಇಲ್ವಾ ಅನ್ನೋದು ಸ್ಪಷ್ಟ, ಆದ್ರೆ ರೇಡಿಯಾಲಜಿ ರೂಮಿಗೆ ಹೋಗಿ ಕೂರಬೇಕು. ಎರಡನೇದು ಬೆಡ್ ಹತ್ರಾನೇ ಆಗುತ್ತೆ, ರೇಡಿಯೇಶನ್ ಇಲ್ಲ, ಎಂಜಲು ಎಲ್ಲಿ ನಿಂತಿದೆ ಅಂತ ಚೆನ್ನಾಗಿ ಗೊತ್ತಾಗುತ್ತೆ, ಆದ್ರೆ ನುಂಗೋ ಆ ಒಂದು ಕ್ಷಣ ಕ್ಯಾಮೆರಾ ಮುಚ್ಚಿಹೋಗುತ್ತೆ. ಹಾಸಿಗೆಯಿಂದ ಏಳೋಕಾಗದವರಿಗೆ ಫೀಸ್ ಸಾಕು, ಮೆದುಳಿನ ಬುಡದ ಸ್ಟ್ರೋಕ್ ಆದವರಿಗೆ ಆದಷ್ಟು ಮಟ್ಟಿಗೆ ವಿಡಿಯೋಫ್ಲೋರೋಸ್ಕೋಪಿನೇ ಕೇಳಿ. ಎಲ್ಲಾ ಆಸ್ಪತ್ರೆಯಲ್ಲೂ ಎರಡೂ ಇರಲ್ಲ. ಡಿಸ್‌ಚಾರ್ಜ್ ಆಗೋಕೆ ಮುಂಚೇನೇ ಕೇಳೋದು ವಾಸಿ, ಯಾಕಂದ್ರೆ ಮನೆಗೆ ಬಂದ್ಮೇಲೆ ಡೊಂಬಿವಲಿಯಿಂದ ಪರೇಲ್‌ಗೆ ಅಂಥವರನ್ನ ಮತ್ತೆ ಕರ್ಕೊಂಡು ಹೋಗೋದು ಎಷ್ಟು ಒದ್ದಾಟ ಅಂತ ಇಲ್ಲಿರೋರಿಗೆ ನಾನು ಹೇಳ್ಬೇಕಾಗಿಲ್ಲ.

ತಲೆ ಎತ್ತೋದು ಮತ್ತು ಚೆಂಡು ಒತ್ತೋದು

ಇವೆರಡೂ ಕೆಲಸ ಮಾಡೋದು ಒಂದೇ ಜಾಗದ ಮೇಲೆ, ಗದ್ದದ ಕೆಳಗಿನ ಸ್ನಾಯುಗಳ ಮೇಲೆ. ಧ್ವನಿಪೆಟ್ಟಿಗೆಯನ್ನ ಮೇಲಕ್ಕೆ ಎಳೆದು ಅನ್ನನಾಳದ ಬಾಯಿ ತೆರೆಯೋ ಹಾಗೆ ಮಾಡೋದು ಈ ಸ್ನಾಯುಗಳೇ.

ತಲೆ ಎತ್ತೋದಕ್ಕೆ ಶೇಕರ್ ಎಕ್ಸರ್‌ಸೈಜ್ ಅನ್ನೋ ಹೆಸರು ಬಂದಿದ್ದು ಅಮೆರಿಕದ ಮಿಲ್ವಾಕಿಯ ಡಾಕ್ಟರ್ ರೆಜಾ ಶೇಕರ್ ಅವರಿಂದ, 1997ರಲ್ಲಿ ಅವರ ತಂಡ ಇದರ ಬಗ್ಗೆ ಮೊದಲು ಬರೆದಿದ್ದು, 2002ರಲ್ಲಿ ಟ್ಯೂಬಿನಿಂದ ಊಟ ತಗೊಳ್ತಿದ್ದ ರೋಗಿಗಳ ಮೇಲೂ ಮಾಡಿ ತೋರಿಸಿದ್ರು. ತಲೆದಿಂಬು ತೆಗೆದು ಅಂಗಾತ ಮಲಗಬೇಕು, ಭುಜ ಹಾಸಿಗೆಗೆ ಅಂಟಿಕೊಂಡೇ ಇರಬೇಕು, ತಲೆ ಮಾತ್ರ ಎತ್ತಿ ಕಾಲಿನ ಹೆಬ್ಬೆರಳು ನೋಡಬೇಕು. ಒಂದು ನಿಮಿಷ ಹಾಗೇ ಹಿಡಿದು ಒಂದು ನಿಮಿಷ ರೆಸ್ಟ್, ಹೀಗೆ 3 ಸಲ, ಆಮೇಲೆ ಹಿಡಿಯದೆ ಬರೀ ಎತ್ತಿ ಇಳಿಸೋದು 30 ಸಲ. ಇದನ್ನ ದಿನಕ್ಕೆ 3 ಹೊತ್ತು, 6 ವಾರ. ಓದೋಕೆ ಸುಲಭ. ನೀವೇ ಒಂದ್ಸಲ ಮಾಡಿ ನೋಡಿ, ಅರ್ಧ ನಿಮಿಷಕ್ಕೆ ಕುತ್ತಿಗೆಯ ಎರಡೂ ಪಕ್ಕ ನಡುಗೋಕೆ ಶುರುವಾಗುತ್ತೆ, ಎಪ್ಪತ್ತು ದಾಟಿದವರಿಗೆ ಸರ್ವೈಕಲ್ ಸ್ಪಾಂಡಿಲೈಟಿಸ್ ಇದ್ರೆ ಇದನ್ನ ಮಾಡಿಸಲೇಬಾರದು, ಉಸಿರಾಡೋಕೆ ಗಂಟಲಲ್ಲಿ ತೂತು ಮಾಡಿ ಹಾಕೋ ಟ್ರೇಕಿಯಾಸ್ಟಮಿ ಟ್ಯೂಬ್ ಇದ್ರೂ ಬೇಡ, ಬಿಪಿ ಹಿಡಿತಕ್ಕೆ ಬಂದಿಲ್ಲ ಅಂದ್ರೆ ಡಾಕ್ಟರನ್ನ ಕೇಳದೆ ಬೇಡ.

ಚೆಂಡು ಒತ್ತೋದನ್ನ ಸಿಂಗಾಪುರದವರು ತಂದ್ರು, 2014ರಲ್ಲಿ ಪ್ರಕಟ ಆಯ್ತು, ಸಿಟಾರ್ (CTAR) ಅಂತ ಕರೀತಾರೆ. ನೆಟ್ಟಗೆ ಕುರ್ಚಿಯಲ್ಲಿ ಕೂತು ಸುಮಾರು 12 ಸೆಂಟಿಮೀಟರ್‌ನ ಗಾಳಿ ತುಂಬಿದ ಮೆತ್ತನೆ ಚೆಂಡನ್ನ ಗದ್ದ ಮತ್ತು ಎದೆ ಮಧ್ಯೆ ಇಟ್ಟು ಗದ್ದದಿಂದ ಒತ್ತೋದು, ಅಷ್ಟೇ. ಹಿಡಿಯೋದು ಮತ್ತೆ ಪದೇಪದೇ ಒತ್ತೋದು, ಲೆಕ್ಕ ಶೇಕರ್‌ದೇ. ಆರೋಗ್ಯವಂತರ ಮೇಲೆ ಅಳೆದು ನೋಡಿದಾಗ ಗದ್ದದ ಕೆಳಗಿನ ಸ್ನಾಯು ಶೇಕರ್‌ಗಿಂತ ಚೆನ್ನಾಗಿ ಕೆಲಸ ಮಾಡ್ತು, ಕುತ್ತಿಗೆ ಪಕ್ಕದ ಸ್ನಾಯುಗೆ ಶ್ರಮ ಕಮ್ಮಿ ಆಯ್ತು. ಆಮೇಲೆ ಕೊರಿಯಾ, ಚೀನಾದಲ್ಲಿ ಸ್ಟ್ರೋಕ್ ಆದವರ ಮೇಲೆ ಸಣ್ಣ ಸಣ್ಣ ಸ್ಟಡಿ ನಡೆದಿವೆ, ಅಲ್ಲೂ ಶೇಕರ್‌ಗಿಂತ ಹಿಂದೆ ಬಿದ್ದಿಲ್ಲ. ಚೆಂಡು ಮಕ್ಕಳ ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ, ಇಲ್ಲಾಂದ್ರೆ ಟವೆಲ್ ದಪ್ಪಗೆ ಸುತ್ತಿ ಇಟ್ಕೊಂಡ್ರೂ ನಡೆಯುತ್ತೆ. ಬಾಯಿ ಮುಚ್ಚಿರಬೇಕು, ಬೆನ್ನು ಬಗ್ಗಬಾರದು. ಎಷ್ಟೋ ಜನ ಗದ್ದ ಒತ್ತೋ ಬದಲು ಸೊಂಟದಿಂದ ಪೂರ್ತಿ ಮುಂದೆ ಬಾಗ್ತಾರೆ, ಅದ್ರಿಂದ ಏನೂ ಆಗಲ್ಲ, ಹಾಗಾಗಿ ಪಕ್ಕದಲ್ಲಿ ಕೂತು ನೋಡೋರು ಬೇಕು.

ಶೇಕರ್ ಯಾರಿಗೆ ಅಂದ್ರೆ, ವಯಸ್ಸು ಕಮ್ಮಿ ಇದ್ದು ಕುತ್ತಿಗೆ ಚೆನ್ನಾಗಿದ್ದು, ಕೂರೋಕೆ ಬ್ಯಾಲೆನ್ಸ್ ಸಾಲದೆ ಇನ್ನೂ ಮಲಗೇ ಇರೋರಿಗೆ. ಕೂರೋಕೆ ಬಂತು ಅಂದ್ರೆ ನಾನು ಚೆಂಡಿಗೇ ಬದಲಾಯಿಸ್ತೀನಿ. ಮೊದಲ ದಿನವೇ ಪೂರ್ತಿ ಒಂದು ನಿಮಿಷ ಹಿಡೀಲೇಬೇಕು ಅಂತ ಹಟ ಬೇಡ, 10 ಸೆಕೆಂಡಿನಿಂದ ಶುರು ಮಾಡಿ ಏರಿಸಿ. ಊಟ ಆದ ತಕ್ಷಣ ಯಾವುದೂ ಬೇಡ, ಶೇಕರ್ ಅಂತೂ ಹೊಟ್ಟೆ ತುಂಬಿರುವಾಗ ಮಲಗಿಸಿ ಮಾಡಿಸೋದು ಅಪಾಯ, ಮೇಲೆ ಬಂದ್ರೆ ನೇರ ಶ್ವಾಸಕೋಶಕ್ಕೇ.

ನುಂಗಿ ನುಂಗಿ ಕಲಿಯೋ ಎಕ್ಸರ್‌ಸೈಜ್‌ಗಳು

ಈ ಗುಂಪಲ್ಲಿ ನಾಲ್ಕಿವೆ, ವಿಡಿಯೋಗಳಲ್ಲಿ ಒಂದಾದ್ಮೇಲೊಂದು ತೋರಿಸಿಬಿಡ್ತಾರೆ, ಆದ್ರೆ ಇವು ಒಂದಕ್ಕೊಂದು ತುಂಬಾ ಬೇರೆ.

ಜೋರಾಗಿ ನುಂಗೋದು ಎಲ್ಲಕ್ಕಿಂತ ಸುಲಭ. ಬಾಯಿ ಸ್ವಲ್ಪ ಒದ್ದೆ ಮಾಡಿ, ನಾಲಿಗೆನ ಬಾಯಿಯ ಮೇಲಿನ ಅಂಗುಳಕ್ಕೆ ಬಲವಾಗಿ ಒತ್ತಿ, ಗಂಟಲಿನ ಸ್ನಾಯು ಎಲ್ಲಾ ಹಿಂಡಿ ಎಂಜಲು ನುಂಗೋದು. ನಾಲಿಗೆ ಬುಡ ಹಿಂದಕ್ಕೆ ಚೆನ್ನಾಗಿ ಹೋಗುತ್ತೆ, ಗಂಟಲಲ್ಲಿ ಅನ್ನ ಉಳಿಯೋದು ಕಮ್ಮಿ ಆಗುತ್ತೆ. ಬಾಯಿಂದ ತಿನ್ನೋಕೆ ಒಪ್ಪಿಗೆ ಸಿಕ್ಕವರು ಊಟದಲ್ಲೇ ಪ್ರತಿ ತುತ್ತಿಗೂ ಮಾಡಬಹುದು, ಅದಕ್ಕೇ ನನಗೆ ಇದು ಇಷ್ಟ, ಪ್ರತ್ಯೇಕ ಟೈಮ್ ಬೇಕಿಲ್ಲ, ಊಟವೇ ಎಕ್ಸರ್‌ಸೈಜ್ ಆಗುತ್ತೆ.

ಮೆಂಡಲ್‌ಸನ್ ಅಂದ್ರೆ ನುಂಗುವಾಗ ಧ್ವನಿಪೆಟ್ಟಿಗೆ ಮೇಲೆ ಹೋಗುತ್ತಲ್ಲ, ಅದನ್ನ ಮೇಲೇ ಎರಡು ಮೂರು ಸೆಕೆಂಡ್ ಹಿಡಿದು ಆಮೇಲೆ ಬಿಡೋದು. ಅನ್ನನಾಳದ ಬಾಯಿ ಸರಿಯಾಗಿ ತೆರೆಯದವರಿಗೆ ಇದು ಬಹಳ ಒಳ್ಳೇದು. ಆದ್ರೆ ಕಲಿಸೋದು ಕಷ್ಟ. ಬೆರಳನ್ನ ಅವರ ಗಂಟಲ ಮೇಲಿಟ್ಟು, ನನ್ನ ಗಂಟಲ ಮೇಲೂ ಇಡಿಸಿ, ಕನ್ನಡಿ ಮುಂದೆ ಕೂರಿಸಿ ಹೇಳಿಕೊಟ್ರೂ ಕೆಲವರಿಗೆ ಹಿಡಿತ ಸಿಗೋಕೆ ವಾರಗಟ್ಟಲೆ ಬೇಕು. ಮಾತು ಅರ್ಥ ಆಗದವರಿಗೆ, ಮರೆವು ಜಾಸ್ತಿ ಇರೋರಿಗೆ ಇದನ್ನ ಹೇಳಿ ಹಿಂಸೆ ಕೊಡಬೇಡಿ.

ಮಸಾಕೋದಲ್ಲಿ ನಾಲಿಗೆ ತುದಿ ಹಲ್ಲಿನ ಮಧ್ಯೆ ಮೆಲ್ಲಗೆ ಹಿಡಿದು ಎಂಜಲು ನುಂಗೋದು, ಗಂಟಲಿನ ಹಿಂಗೋಡೆ ಮುಂದಕ್ಕೆ ಬರಲಿ ಅಂತ. ಇದರಲ್ಲಿ ಒಂದು ವಿಷಯ ದಯವಿಟ್ಟು ಮನೇಲಿ ಎಲ್ಲರಿಗೂ ಹೇಳಿ, ಅನ್ನ ನೀರು ಬಾಯಲ್ಲಿ ಇಟ್ಕೊಂಡು ಇದನ್ನ ಮಾಡಲೇಬಾರದು. ನಾಲಿಗೆ ಮುಂದೆ ಸಿಕ್ಕಿಕೊಂಡಿರುವಾಗ ಉಸಿರಿನ ದಾರಿಗೆ ಕಾವಲು ಕಮ್ಮಿ. ಸ್ಟ್ರೋಕ್‌ಗೆ ಇದು ನನ್ನ ಮೊದಲ ಆಯ್ಕೆ ಅಲ್ಲ, ಟೆಸ್ಟಲ್ಲಿ ಹಿಂಗೋಡೆ ಸೋತಿದೆ ಅಂತ ಬಂದ್ರೆ ಮಾತ್ರ ಮಾಡಿಸ್ತೀನಿ.

ಸುಪ್ರಾಗ್ಲಾಟಿಕ್ ಅನ್ನೋದು ಉಸಿರು ಹಿಡಿ, ನುಂಗು, ತಕ್ಷಣ ಕೆಮ್ಮು, ಮತ್ತೆ ನುಂಗು. ಉಸಿರಿನ ದಾರಿ ಮುಂಚೇನೇ ಮುಚ್ಚಲಿ ಅನ್ನೋ ಯೋಚನೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಸ್ಟ್ರೋಕ್ ಆದವರ ಮೇಲೆ ಇದನ್ನ ಮಾಡಿಸುವಾಗ ಹೃದಯದ ಬಡಿತ ಏರುಪೇರಾಗಿದ್ದು 2002ರ ಒಂದು ಸ್ಟಡಿಯಲ್ಲಿ ಸಿಕ್ಕಿದೆ. ನಮ್ಮಲ್ಲಿ ಸ್ಟ್ರೋಕ್ ಆದವರಲ್ಲಿ ಎಷ್ಟು ಜನಕ್ಕೆ ಹಾರ್ಟ್ ಪ್ರಾಬ್ಲಮ್ಮೂ ಇರುತ್ತೆ ನೋಡಿ. ಹಾಗಾಗಿ ಕಾರ್ಡಿಯಾಲಜಿಸ್ಟ್ ಸರಿ ಅನ್ನದೆ, ಥೆರಪಿಸ್ಟ್ ಎದುರಿಗಿಲ್ಲದೆ ಇದು ಬೇಡ, ವಿಡಿಯೋ ನೋಡಿ ಅಂತೂ ಬೇಡವೇ ಬೇಡ.

ನಾಲಿಗೆಗೆ ಬೇರೆ ಕಸರತ್ತು ಬೇಕಾ

ಅನ್ನ ಕೆನ್ನೆಯಲ್ಲಿ ಉಳಿಯುತ್ತೆ, ಒಂದು ತುತ್ತಿಗೆ ಹತ್ತು ನಿಮಿಷ, ಮಾತೂ ತೊದಲು ಅಂದ್ರೆ ಬೇಕು. ನಾಲಿಗೆಯ ಒತ್ತಡ ಅಳೆಯೋ ಮಷೀನ್ ಕೆಲವು ಕ್ಲಿನಿಕ್ಕಲ್ಲಿದೆ, ಗಾಳಿ ತುಂಬಿದ ಪುಟ್ಟ ಬಲ್ಬನ್ನ ನಾಲಿಗೆಯಿಂದ ಅಂಗುಳಕ್ಕೆ ಒತ್ತೋದು, ನಂಬರ್ ಕಾಣುತ್ತೆ, ಆ ನಂಬರ್ ನೋಡಿ ಅವರಿಗೂ ಹುರುಪು ಬರುತ್ತೆ. ಇಲ್ಲಾಂದ್ರೆ ಚಮಚದ ಬೆನ್ನನ್ನ ನಾಲಿಗೆ ಮೇಲಿಟ್ಟು ನಾವು ಕೆಳಕ್ಕೆ ಒತ್ತೋದು, ಅವರು ಮೇಲಕ್ಕೆ ತಳ್ಳೋದು, ಪಕ್ಕಕ್ಕೂ ಹಾಗೇ. ಮಷೀನ್‌ನಿಂದ ಆಗೋ ಲಾಭ ಅಂದ್ರೆ ಎಷ್ಟು ಜೋರು ಅನ್ನೋದು ಗೊತ್ತಾಗೋದು. ಇದಕ್ಕೂ ಸುಮಾರು 8 ವಾರ ಹಿಡಿಯುತ್ತೆ, ಅವಸರ ಬೇಡ.

ಊದೋ ಮಷೀನ್

ಕೆಮ್ಮೋಕೆ ಶಕ್ತಿ ಇಲ್ಲದವರಿಗೆ ಇದು. ತಪ್ಪಿ ಒಳಗೆ ಹೋದದ್ದನ್ನ ಹೊರಗೆ ಹಾಕೋಕೆ ಕೆಮ್ಮು ಬೇಕಲ್ವಾ, ಆ ಕೆಮ್ಮಿಗೆ ಬಲ ಕೊಡೋದು ಉಸಿರು ಹೊರಗೆ ತಳ್ಳೋ ಸ್ನಾಯುಗಳು. ಸಾಧನದಲ್ಲಿ ಒಂದು ಸ್ಪ್ರಿಂಗ್ ವಾಲ್ವ್ ಇರುತ್ತೆ, ಇಷ್ಟು ಜೋರಾಗಿ ಊದಿದ್ರೆ ಮಾತ್ರ ತೆರೆಯುತ್ತೆ, ವಾರ ವಾರ ಅದನ್ನ ಬಿಗಿ ಮಾಡ್ತಾ ಹೋಗೋದು. ಸಾಮಾನ್ಯವಾಗಿ 5 ಸಲ ಊದಿ ರೆಸ್ಟ್, ಹೀಗೆ 5 ಸುತ್ತು, ವಾರಕ್ಕೆ 5 ದಿನ, 4ರಿಂದ 5 ವಾರ. ಗದ್ದದ ಕೆಳಗಿನ ಸ್ನಾಯುಗೂ ಇದ್ರಿಂದ ಕೆಲ್ಸ ಸಿಗುತ್ತೆ.

ಇಲ್ಲಿ ನಮ್ಮವರಲ್ಲಿ ಬಹಳ ಗೊಂದಲ ಇದೆ. ಆಪರೇಷನ್ ಆದವರಿಗೆ ಕೊಡ್ತಾರಲ್ಲ, ಪ್ರತಿ ಮೆಡಿಕಲ್‌ನಲ್ಲೂ ಸಿಗೋ ಮೂರು ಬಣ್ಣದ ಚೆಂಡಿನ ಪ್ಲಾಸ್ಟಿಕ್ ಡಬ್ಬಿ, ಅದು ಉಸಿರು ಒಳಗೆ ಎಳೆಯೋಕೆ. ಅದನ್ನ ಮನೇಲಿ ಇಟ್ಕೊಂಡು "ಊದೋ ಎಕ್ಸರ್‌ಸೈಜ್ ಮಾಡಿಸ್ತಿದ್ದೀವಿ ಮೇಡಂ" ಅಂತಾರೆ. ಅದು ಕೆಟ್ಟದ್ದಲ್ಲ, ಶ್ವಾಸಕೋಶ ಅರಳೋಕೆ ಒಳ್ಳೇದು, ಆದ್ರೆ ನಾನು ಹೇಳ್ತಿರೋದರ ಕೆಲಸ ಅದ್ರಿಂದ ಆಗಲ್ಲ. ಬೇಕಾಗಿರೋದು ಹೊರಗೆ ಊದೋಕೆ ತಡೆ ಕೊಡೋ ಸಾಧನ, ಆನ್‌ಲೈನಲ್ಲಿ ತರಿಸಬೇಕಾಗುತ್ತೆ, ಬೆಲೆ ಚೆಂಡಿನ ಡಬ್ಬಿಗಿಂತ ತುಂಬಾ ಜಾಸ್ತಿ. ಬಾಯಿ ಒಂದು ಪಕ್ಕ ಸೊಟ್ಟ ಆಗಿದ್ರೆ ಗಾಳಿ ಪಕ್ಕದಿಂದ ಸೋರುತ್ತೆ, ಆಗ ತುಟಿನ ಬೆರಳಿಂದ ಹಿಡಿಯಬೇಕು. ಬಿಪಿ ಹಿಡಿತದಲ್ಲಿಲ್ಲ, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದೆ, ಹರ್ನಿಯಾ ಇದೆ ಅಂದ್ರೆ ಬೇಡ.

ಕರೆಂಟ್ ಕೊಡೋದು

ಗಂಟಲ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸಣ್ಣ ಕರೆಂಟ್ ಕೊಡೋದು. ಇದ್ರ ಬಗ್ಗೆ ಕೇಳೋರು ಬಹಳ, ಯಾಕಂದ್ರೆ ಮಷೀನ್ ಕಾಣುತ್ತೆ, ಪ್ಯಾಕೇಜ್ ಅಂತ ಹೇಳಿ ದುಡ್ಡು ತಗೋತಾರೆ, ಏನೋ ದೊಡ್ಡದು ನಡೀತಿದೆ ಅನ್ಸುತ್ತೆ. ನನ್ನ ಮಾತು ಇಷ್ಟೇ: ಬರೀ ಕರೆಂಟ್ ಕೊಡಿಸಿ ಮಲಗಿಸಿದ್ರೆ ಪ್ರಯೋಜನ ಅಷ್ಟಕ್ಕಷ್ಟೇ, ಕರೆಂಟ್ ಇರುವಾಗಲೇ ನುಂಗಿಸ್ತಾ, ಎಕ್ಸರ್‌ಸೈಜ್ ಮಾಡಿಸ್ತಾ ಇದ್ರೆ ಕೆಲವರಿಗೆ ಸಹಾಯ ಆಗುತ್ತೆ. ಎಲೆಕ್ಟ್ರೋಡ್ ಎಲ್ಲಿ ಅಂಟಿಸ್ತಾರೆ ಅನ್ನೋದೂ ಮುಖ್ಯ, ಗಂಟಲ ಕೆಳಭಾಗಕ್ಕೆ ಅಂಟಿಸಿ ಜೋರಾಗಿ ಕೊಟ್ರೆ ಧ್ವನಿಪೆಟ್ಟಿಗೆ ಮೇಲೆ ಹೋಗೋ ಬದಲು ಕೆಳಗೆ ಜಗ್ಗುತ್ತೆ, ಇದು ಅಳೆದು ನೋಡಿರೋ ವಿಷಯ. ಪೇಸ್‌ಮೇಕರ್ ಇರೋರಿಗೆ ಡಾಕ್ಟರ್ ಒಪ್ಪಿಗೆ ಇಲ್ಲದೆ ಹತ್ರಕ್ಕೂ ಬೇಡ. ದುಡ್ಡು ಲಿಮಿಟ್ ಇದ್ರೆ ಕರೆಂಟಿನ ಪ್ಯಾಕೇಜ್ ಬಿಟ್ಟು ಅದೇ ದುಡ್ಡಲ್ಲಿ ಥೆರಪಿಸ್ಟ್‌ನ ಜಾಸ್ತಿ ದಿನ ಕರೆಸಿ.

ಹೇಳಿದ್ದು ಅರ್ಥ ಆಗದವರಿಗೆ

ಎಡಗಡೆ ಮೆದುಳಿಗೆ ಹೊಡೆತ ಬಿದ್ದು ಮಾತು, ಮಾತಿನ ಅರ್ಥ ಎರಡೂ ಹೋಗಿದ್ರೆ ಮೇಲಿನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಡೆಯಲ್ಲ. ಅಂಥವರಿಗೆ ತಣ್ಣಗಿನ ಚಮಚ ಅಥವಾ ಐಸಲ್ಲಿ ಅದ್ದಿದ ಪುಟ್ಟ ಕನ್ನಡಿಯನ್ನ ಗಂಟಲ ಬಾಗಿಲ ಎರಡೂ ಪಕ್ಕದ ಕಮಾನಿಗೆ ಮುಟ್ಟಿಸಿ ನುಂಗೋದನ್ನ ಎಬ್ಬಿಸೋದು, ಹುಳಿ ರುಚಿ ಕೊಡೋದು, ಚಮಚದಿಂದ ನಾಲಿಗೆ ಮೇಲೆ ಸ್ವಲ್ಪ ಒತ್ತಿ ಕೊಡೋದು, ಕರೆಂಟ್ ಕೂಡ ಇಂಥವರಿಗೆ ಒಂದು ಯೋಚನೆ ಮಾಡಬಹುದಾದ ದಾರಿ. ತಣ್ಣಗೆ ಮುಟ್ಟಿಸೋದರ ಪರಿಣಾಮ ಸ್ವಲ್ಪ ಹೊತ್ತಷ್ಟೇ ಇರುತ್ತೆ, ಊಟಕ್ಕೆ ಮುಂಚೆ ಮಾಡಿದ್ರೆ ಆ ಊಟಕ್ಕೆ ಅನುಕೂಲ, ಅದ್ರಿಂದ ಸ್ನಾಯು ಬಲ ಆಗುತ್ತೆ ಅಂತ ನಂಬಬೇಡಿ.

ಇನ್ನೊಂದು, ಎಷ್ಟೋ ಸಲ ಅಜ್ಜನಿಗೆ ಅರ್ಥ ಆಗಲ್ಲ ಅಂತ ಫೈಲಲ್ಲಿ ಬರೆದಿರ್ತಾರೆ, ಆದ್ರೆ ಆಸ್ಪತ್ರೆಯಲ್ಲಿ ಅವರ ಜೊತೆ ಎಲ್ಲರೂ ಮರಾಠಿ ಹಿಂದಿಯಲ್ಲೇ ಮಾತಾಡಿರ್ತಾರೆ. ಬಾಗಲಕೋಟೆ ಕಡೆಯಿಂದ ಮಗನ ಹತ್ರ ಬಂದು ಎರಡು ವರ್ಷ ಆಗಿರೋ ಅಜ್ಜನಿಗೆ ಸ್ಟ್ರೋಕ್ ಆದ್ಮೇಲೆ ಹಿಂದಿ ಹೇಗೆ ಹತ್ತಬೇಕು. ಪುಣೆ, ವಾಸ್ಕೋ ಕಡೆ ಇರೋರಿಗೂ ಇದೇ ಕಥೆ. ಥೆರಪಿಸ್ಟ್ ಹೇಳಿದ್ದನ್ನ ಮನೆಯವರು ಕನ್ನಡದಲ್ಲೋ ತುಳುವಿನಲ್ಲೋ ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ, "ಅಪ್ಪಾ, ಎಂಜಲು ನುಂಗು, ಇನ್ನೂ ಜೋರಾಗಿ" ಅಂತ ಮಗಳ ದನಿಯಲ್ಲಿ ಕೇಳಿಸಿದ್ರೆ ಮಾಡೋರನ್ನ ನಾನು ನೋಡಿದೀನಿ. ಹಗಲು ನೋಡ್ಕೊಳ್ಳೋ ಮೌಶಿಗೂ ಅದು ಸುಲಭ, ಬಟನ್ ಒತ್ತಿದ್ರೆ ಸಾಕು.

ಎಕ್ಸರ್‌ಸೈಜ್ ಬೇರೆ, ಊಟದ ಜಾಗ್ರತೆ ಬೇರೆ

ಮೇಲೆ ಹೇಳಿದ್ದೆಲ್ಲ ವಾರಗಳ ಮೇಲೆ ಫಲ ಕೊಡೋದು. ಇವತ್ತು ಮಧ್ಯಾಹ್ನದ ಊಟ ಶ್ವಾಸನಾಳಕ್ಕೆ ಹೋಗದೇ ಇರೋಕೆ ಬೇಕಾಗಿರೋದು ಕೂರೋ ಭಂಗಿ ಮತ್ತು ಆಹಾರದ ಹದ. ಗದ್ದ ಎದೆ ಕಡೆ ಸ್ವಲ್ಪ ತಗ್ಗಿಸಿ ನುಂಗೋದು ಕೆಲವರಿಗೆ ಒಳ್ಳೇದು, ತುಟಿ ಮುಚ್ಚೋಕೆ ಬರದವರಿಗೆ ಮುಂದಿಂದ ಸೋರಿಹೋಗುತ್ತೆ. ಗಂಟಲಿನ ಒಂದು ಪಕ್ಕ ಸೋತಿದ್ರೆ ಸೋತ ಪಕ್ಕಕ್ಕೆ ಮುಖ ತಿರುಗಿಸಿ ನುಂಗಬೇಕು, ಆಗ ತುತ್ತು ಚೆನ್ನಾಗಿರೋ ಪಕ್ಕದಿಂದ ಇಳಿಯುತ್ತೆ. ಮನೆಯವರು ಸಾಮಾನ್ಯವಾಗಿ ಇದನ್ನ ಉಲ್ಟಾ ಮಾಡಿಸ್ತಿರ್ತಾರೆ. ಯಾವ ಭಂಗಿ ಅನ್ನೋದು ಟೆಸ್ಟ್ ಮಾಡುವಾಗಲೇ ನೋಡಿ ಹೇಳಬೇಕು.

ಹದದ ವಿಷಯದಲ್ಲಿ ನನಗೆ ಅತಿ ಚಿಂತೆ ಆಗೋದು ಗಂಜಿ. ನಮ್ಮ ಕರಾವಳಿಯವರ ಮನೆಯಲ್ಲಿ ಹುಷಾರಿಲ್ಲ ಅಂದ್ರೆ ಮೊದಲು ಕುಚ್ಚಲಕ್ಕಿ ಗಂಜಿ. "ಅಕ್ಕ, ಗಟ್ಟಿ ಏನೂ ಕೊಟ್ಟಿಲ್ಲ, ಬರೀ ಗಂಜಿ" ಅಂತ ಸಮಾಧಾನದಿಂದ ಹೇಳ್ತಾರೆ. ಆದ್ರೆ ಗಂಜಿಯಲ್ಲಿ ತೆಳು ನೀರೂ ಇದೆ, ಇಡೀ ಅಗಳೂ ಇದೆ. ಅಗಳು ಅಗಿಯೋ ಹೊತ್ತಿಗೆ ತಿಳಿ ಗಂಟಲಿಗೆ ಜಾರಿರುತ್ತೆ. ನುಂಗೋ ತೊಂದ್ರೆ ಇರೋರಿಗೆ ಈ ಮಿಶ್ರ ಹದವೇ ಎಲ್ಲಕ್ಕಿಂತ ಕಷ್ಟ. ಇಲ್ಲಿ ಬೆಳಗ್ಗೆ ಚಹಾದಲ್ಲಿ ಅದ್ದಿ ಕೊಡೋ ಪಾವ್, ಖಾರಿ, ಸಾಂಬಾರಲ್ಲಿ ಮುಳುಗಿದ ಇಡ್ಲಿ, ಸಾರನ್ನ ಎಲ್ಲಾ ಇದೇ ಜಾತಿ. ಗಂಜಿನ ತಿಳಿ ಸಮೇತ ಮಿಕ್ಸಿಯಲ್ಲಿ ಒಂದೇ ಹದಕ್ಕೆ ರುಬ್ಬಿ ಕೊಡಿ, ಅದೇ ಗಂಜಿ ಆಗ ಎಷ್ಟೋ ಸುರಕ್ಷಿತ. ಅವಲಕ್ಕಿ, ಉದುರುದುರು ಉಪ್ಪಿಟ್ಟು ಕೂಡ ಸದ್ಯಕ್ಕೆ ಬೇಡ.

ನೀರು, ಚಹಾ ಎಷ್ಟು ದಪ್ಪ ಇರಬೇಕು ಅಂತ ಥೆರಪಿಸ್ಟ್ ಲೆವೆಲ್ ಹೇಳ್ತಾರೆ, ಇಡ್‌ಸಿ (IDDSI) ಅನ್ನೋ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 0ಯಿಂದ 7ರ ತನಕ ಇದೆ, ಕುಡಿಯೋದಕ್ಕೆ 0ಯಿಂದ 4. ಮನೇಲಿ ಅಳೆಯೋಕೆ 10 ಎಂಎಲ್ ಸಿರಿಂಜ್ ಸಾಕು. ಸೂಜಿ, ಒಳಗಿನ ಒತ್ತೋ ಕಡ್ಡಿ ಎರಡೂ ತೆಗೆದ ಸಿರಿಂಜಿನ ತಳ ಬೆರಳಿಂದ ಮುಚ್ಚಿ 10 ಎಂಎಲ್ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಆದ್ಮೇಲೆ ಮತ್ತೆ ಮುಚ್ಚಿ. 1 ಎಂಎಲ್‌ಗಿಂತ ಕಮ್ಮಿ ಉಳಿದ್ರೆ ಲೆವೆಲ್ 0, 1ರಿಂದ 4 ಉಳಿದ್ರೆ ಲೆವೆಲ್ 1, 4ರಿಂದ 8 ಆದ್ರೆ ಲೆವೆಲ್ 2, 8ಕ್ಕಿಂತ ಜಾಸ್ತಿ ಉಳಿದು ನಿಧಾನಕ್ಕೆ ಇಳೀತಿದ್ರೆ ಲೆವೆಲ್ 3, ಏನೂ ಇಳೀಲಿಲ್ಲ ಅಂದ್ರೆ ಲೆವೆಲ್ 4. ಸಿರಿಂಜಲ್ಲಿ ಸೊನ್ನೆಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಇರಬೇಕು, ಸ್ಕೇಲ್ ಇಟ್ಟು ನೋಡ್ಕೊಳ್ಳಿ, ಎಲ್ಲಾ ಕಂಪನಿದೂ ಒಂದೇ ಉದ್ದ ಇರಲ್ಲ. ರಾಗಿ ಅಂಬಲಿ ಆರಿದ ಹಾಗೆ ಗಟ್ಟಿ ಆಗುತ್ತೆ, ಕಾರ್ನ್‌ಫ್ಲೋರ್ ಹಾಕಿದ್ದು ಎಂಜಲು ತಾಗಿ ತೆಳು ಆಗುತ್ತೆ, ಐಸ್‌ಕ್ರೀಮ್ ಬಾಯಲ್ಲೇ ನೀರಾಗುತ್ತೆ. ಕ್ಸಾಂಥನ್ ಗಮ್ ಇರೋ ಥಿಕ್ನರ್ ಪೌಡರ್ ಹದ ಹಾಗೇ ಉಳಿಯುತ್ತೆ, ದುಬಾರಿ. ದಪ್ಪ ನೀರು ಯಾರಿಗೂ ರುಚಿಸಲ್ಲ, ಕಮ್ಮಿ ಕುಡೀತಾರೆ, ಹಾಗಾಗಿ ದಿನಕ್ಕೆಷ್ಟು ಕುಡಿದ್ರು ಅಂತ ಬರೆದಿಡಿ. ಮಾತ್ರೆ ಪುಡಿ ಮಾಡೋ ಮುಂಚೆ ಕೇಳಿ, ಕೋಟಿಂಗ್ ಇರೋದು, ನಿಧಾನಕ್ಕೆ ಕರಗೋ ಮಾತ್ರೆ ಪುಡಿ ಮಾಡಬಾರದು.

ಮೂಗಿನ ಟ್ಯೂಬ್ ಇದ್ರೂ ಎಕ್ಸರ್‌ಸೈಜ್ ಮಾಡಬಹುದು, ಎಂಜಲು ನುಂಗಿಸೋದನ್ನ ನಿಲ್ಲಿಸಲೇಬೇಡಿ. ಬಾಯಿಂದ ತಿನ್ನಲ್ಲ ಅಂತ ಹಲ್ಲುಜ್ಜಿಸೋದನ್ನೇ ಬಿಟ್ಟುಬಿಡ್ತಾರೆ, ಅದು ದೊಡ್ಡ ತಪ್ಪು, ಗಲೀಜು ಎಂಜಲು ಶ್ವಾಸಕೋಶಕ್ಕೆ ಹೋದ್ರೂ ನ್ಯುಮೋನಿಯಾ ಬರುತ್ತೆ. ದಿನಕ್ಕೆ ಎರಡು ಸಲ ಆದ್ರೂ ಬಾಯಿ ಸ್ವಚ್ಛ ಮಾಡಿ.

ಎಷ್ಟು ದಿನ, ಎಲ್ಲಿ, ಯಾರ ಹತ್ರ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾಡಿ 2006ರಲ್ಲಿ ಪ್ರಕಟ ಆದ 306 ಜನರ ಟ್ರಯಲ್ ಒಂದಿದೆ. ಕೆಲವರಿಗೆ ಮಾಮೂಲಿ ಆರೈಕೆ, ಕೆಲವರಿಗೆ ವಾರಕ್ಕೆ 3 ದಿನ ಥೆರಪಿ, ಕೆಲವರಿಗೆ ರಜೆ ಬಿಟ್ಟು ದಿನಾ. 6 ತಿಂಗಳಿಗೆ ನೋಡಿದಾಗ ದಿನಾ ಮಾಡಿದವರಲ್ಲಿ ಮಾಮೂಲಿ ಊಟಕ್ಕೆ ಮರಳಿದವರು ಜಾಸ್ತಿ. ಬೇರೆ ಬೇರೆ ಸ್ಟಡಿಗಳನ್ನ ಒಟ್ಟು ಹಾಕಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಲ್ಲಿ ಎಲ್ಲಾ ಥೆರಪಿಗಳನ್ನ ಒಟ್ಟಿಗೆ ನೋಡಿದಾಗ ನುಂಗೋ ತೊಂದ್ರೆ, ಎದೆಯ ಸೋಂಕು ಕಮ್ಮಿ ಆಗಬಹುದು, ಆಸ್ಪತ್ರೆ ದಿನ ಕಮ್ಮಿ ಆಗಬಹುದು ಅಂತ ಬಂತು, ಸಾವು ಅಥವಾ ಅವಲಂಬನೆ ಕಮ್ಮಿ ಆಗೋದು ಮಾತ್ರ ಕಾಣಲಿಲ್ಲ. ಅಂದ್ರೆ ಎಕ್ಸರ್‌ಸೈಜ್‌ನಿಂದ ಎಲ್ಲಾ ಸರಿಹೋಗುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬಬೇಡಿ, ಏನೂ ಆಗಲ್ಲ ಅಂತ ಕೈಬಿಡೋರನ್ನೂ ನಂಬಬೇಡಿ.

ನಮ್ಮ ಊರಿನ ಓಡಾಟದಲ್ಲಿ ದಿನಾ ಕ್ಲಿನಿಕ್‌ಗೆ ಹೋಗೋದು ಯಾರಿಗೆ ಆಗುತ್ತೆ. ಹಾಗಾಗಿ ನಾನು ಹೇಳೋದು, ವಾರಕ್ಕೆ ಒಂದೋ ಎರಡೋ ಸಲ ಥೆರಪಿಸ್ಟ್ ಮನೆಗೆ ಬರಲಿ, ಉಳಿದ ದಿನ ಮನೆಯವರೇ ಮೂರು ಹೊತ್ತು ಕೂರಿಸಿ ಮಾಡಿಸಲಿ. ವಿಡಿಯೋ ಕಾಲಲ್ಲಿ ಎಕ್ಸರ್‌ಸೈಜ್ ನೋಡೋದು ಸರಿ, ಹೊಸ ಆಹಾರ ಮೊದಲ ಸಲ ಕೊಟ್ಟು ನೋಡೋದು ವಿಡಿಯೋ ಕಾಲಲ್ಲಿ ಬೇಡ. ಥೆರಪಿಸ್ಟ್‌ಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಶನ್ ನಂಬರ್ ಇರಬೇಕು, ಕೇಳೋಕೆ ಸಂಕೋಚ ಬೇಡ, ನುಂಗೋ ಥೆರಪಿ ಮಾಡಿ ಅನುಭವ ಇದ್ಯಾ ಅಂತಲೂ ಕೇಳಿ, ಮಕ್ಕಳ ಮಾತಿನ ಥೆರಪಿ ಮಾತ್ರ ಮಾಡೋರೂ ಇರ್ತಾರೆ. ಬಾಂದ್ರಾ ರಿಕ್ಲಮೇಶನ್‌ನಲ್ಲಿರೋ, 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ಸಂಸ್ಥೆ, ಪುಣೆಯಲ್ಲಿ ಭಾರತಿ ವಿದ್ಯಾಪೀಠ, ನಮ್ಮ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ), ಇಂಥ ಕಡೆ ಸ್ಪೀಚ್ ಥೆರಪಿಸ್ಟ್‌ಗಳು ತಯಾರಾಗ್ತಾರೆ. ಗೋವಾದಲ್ಲಿರೋರು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಇಎನ್‌ಟಿ ವಿಭಾಗದಿಂದ ವಿಚಾರಿಸೋಕೆ ಶುರು ಮಾಡಬಹುದು.

ಮಾಡಿಸ್ತಾ ಇರುವಾಗ ಎದೆ ನೋವು, ತಲೆ ಸುತ್ತು, ಉಸಿರು ಕಟ್ಟಿದಂಗೆ ಆದ್ರೆ ಅಲ್ಲೇ ನಿಲ್ಲಿಸಿ. ಊಟ ಆದ್ಮೇಲೆ ದನಿ ನೀರು ತುಂಬಿದಂಗೆ ಗೊರಗೊರ ಕೇಳಿಸ್ತಿದ್ರೆ, ಸಂಜೆ ಸಂಜೆ ಜ್ವರ ಬರ್ತಿದ್ರೆ, ತೂಕ ಇಳೀತಿದ್ರೆ ಬಾಯಿಂದ ಕೊಡೋದು ನಿಲ್ಲಿಸಿ ಅದೇ ದಿನ ಡಾಕ್ಟರ್‌ಗೆ ತೋರಿಸಿ. ಎಲ್ಲಾ ಚೆನ್ನಾಗಿ ನಡೀತಿದ್ರೆ ಆರು ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸಿ, ಅದರಲ್ಲಿ ಸರಿ ಅಂತ ಬಂದ್ಮೇಲೇ ಲೆವೆಲ್ ಇಳಿಸೋದು, ಟ್ಯೂಬ್ ತೆಗೆಯೋದು. "ಇವತ್ತು ಹಬ್ಬ, ಒಂದು ಲೋಟ ಕಾಫಿ ಕೊಡೋಣ" ಅಂತ ಅನ್ನಿಸುತ್ತೆ, ನನಗೂ ಅರ್ಥ ಆಗುತ್ತೆ, ಆ ಕಾಫಿನೇ ಥಿಕ್ನರ್ ಹಾಕಿ, ಅವರ ಲೆವೆಲ್‌ಗೆ ತಂದು, ನೆಟ್ಟಗೆ ಕೂರಿಸಿ ಚಮಚದಲ್ಲಿ ಕೊಡಿ, ಕುಡಿದ್ಮೇಲೆ ಅರ್ಧ ಗಂಟೆ ಮಲಗಿಸಬೇಡಿ.